ಒಳಗೆ ಉಚ್ಚೆ, ಹೊರಗೆ ಓಟ: ಮಾತು ಕೇಳದ ನಾಯಿಯನ್ನು ಪಳಗಿಸುವುದು ಹೇಗೆ

ವಾರಕ್ಕೆ ಒಂದೆರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಸಿಂಧನೂರಿನಿಂದ, ಬಳ್ಳಾರಿಯಿಂದ, ಇಲ್ಲೇ ಗಂಗಾವತಿಯ ನಮ್ಮ ಪಕ್ಕದ ಓಣಿಯಿಂದ. “ಅಣ್ಣಾ, ಅರ್ಧ ತಾಸು ಹೊರಗ ಬಿಟ್ಟಿದ್ದೆ, ಏನೂ ಮಾಡ್ಲಿಲ್ಲ. ಒಳಗ ಬಂದು ಎರಡು ನಿಮಿಷಕ್ಕ ಟಿವಿ ಸ್ಟ್ಯಾಂಡಿಗೆ ಕಾಲೆತ್ತಿತು.” ಇನ್ನೂ ಸ್ವಲ್ಪ ಮಾತಾಡಿದರೆ ಎರಡನೆಯದೂ ಹೊರಗೆ ಬರುತ್ತದೆ. ಅದೇ ನಾಯಿ ಕಾಂಪೌಂಡ್ ಹಾರಿ ಓಡಿಹೋಗುತ್ತಿರುತ್ತದೆ.

ಎಲ್ಲರೂ ಇವನ್ನು ಎರಡು ಬೇರೆ ತೊಂದರೆ ಅಂದುಕೊಂಡಿರುತ್ತಾರೆ. ನಾನು ನೋಡಿದ ಮಟ್ಟಿಗೆ ಬಹಳ ಮನೆಗಳಲ್ಲಿ ಎರಡಕ್ಕೂ ಬೇರು ಒಂದೇ. ಬಾಗಿಲು ತೆಗೆದು ನಾಯಿಯನ್ನು ಅಂಗಳಕ್ಕೆ ಬಿಡುತ್ತೇವೆ, ನಾವು ಒಳಗೆ ಬಂದು ಚಹಾ ಕುಡಿಯುತ್ತೇವೆ. ಎಲ್ಲಿ ಉಚ್ಚೆ ಮಾಡಬೇಕು ಅಂತ ಅದಕ್ಕೆ ಯಾರೂ ತೋರಿಸಿರುವುದಿಲ್ಲ, ಅಂಗಳದಲ್ಲಿ ಉಳಿಯಲು ಒಂದು ಕಾರಣವನ್ನೂ ಕೊಟ್ಟಿರುವುದಿಲ್ಲ. ಅದು ತನಗೆ ತೋಚಿದ್ದನ್ನು ಕಲಿಯುತ್ತದೆ. ಹಾಗಾಗಿ ಕೆಳಗೆ ಬರೆದದ್ದರಲ್ಲಿ ಅರ್ಧಕ್ಕರ್ಧ ನಾಯಿಗೆ ಪಾಠ ಅಲ್ಲ, ನೀವು ಎದ್ದು ಅದರ ಜೊತೆ ಹೊರಗೆ ಹೋಗುವ ಪಾಠ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಗಟ್ಟಿ ಬೆಲ್ಟು, 5-6 ಅಡಿ ಹಗ್ಗ ಒಂದು, 30 ಅಡಿ ಹಗ್ಗ ಇನ್ನೊಂದು. ಬೇಯಿಸಿದ ಮೊಟ್ಟೆ ಅಥವಾ ಕೋಳಿಯ ಸಣ್ಣ ಚೂರುಗಳು, ಕಡಲೆಕಾಳಿನಷ್ಟು ಸಾಕು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್, ಪೆನ್ಸಿಲ್. ಒಂದು ಹಿಡಿ ರಂಗೋಲಿ ಪುಡಿ. ರಂಗೋಲಿ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಂತ 1: ಮೊದಲು ರೋಗವಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಇಷ್ಟು ದಿನ ಸರಿಯಾಗಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಉಚ್ಚೆ ಮಾಡಲು ಶುರು ಮಾಡಿದರೆ, ಹನಿ ಹನಿಯಾಗಿ ಪದೇ ಪದೇ ಹೋದರೆ, ಉಚ್ಚೆಯಲ್ಲಿ ರಕ್ತ ಕಂಡರೆ, ಮಲಗಿದಲ್ಲೇ ಒದ್ದೆಯಾದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದ ಸೋಂಕು ಇರಬಹುದು, ಸಕ್ಕರೆ ಕಾಯಿಲೆ ಇರಬಹುದು. ರೋಗಕ್ಕೆ ತರಬೇತಿ ಕೊಟ್ಟರೆ ಏನು ಬಂತು? ಗಂಡು ನಾಯಿ ಉಚ್ಚೆ ಕಟ್ಟಿಕೊಂಡು, ತಿಣುಕಿದರೂ ಏನೂ ಬರುತ್ತಿಲ್ಲ ಅಂದರೆ ಅದು ತುರ್ತು, ನಾಳೆ ನೋಡೋಣ ಅನ್ನುವಂಥದ್ದಲ್ಲ.

ಇನ್ನೆರಡು ತರದ್ದನ್ನು ಬೇರೆ ಮಾಡಿಕೊಳ್ಳಿ. ಒಂದು, ಗುರುತು ಹಾಕುವುದು. ಗಂಡು ನಾಯಿ ಬೈಕಿನ ಚಕ್ರ, ಸಿಲಿಂಡರ್, ಬಾಗಿಲ ಚೌಕಟ್ಟು ಹೀಗೆ ನಿಂತ ವಸ್ತುಗಳಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅದಕ್ಕೆ ಒತ್ತಡ ಬಂದಿರುವುದಿಲ್ಲ, ‘ಇದು ನನ್ನ ಜಾಗ’ ಅಂತ ಬೋರ್ಡು ಹಾಕುತ್ತಿರುತ್ತದೆ. ಇನ್ನೊಂದು, ಅಂಜಿಕೆಯ ಉಚ್ಚೆ. ನೀವು ಮನೆಗೆ ಬಂದು ಬಗ್ಗಿ ತಲೆ ಸವರಲು ಹೋದ ಕೂಡಲೇ ಕಿವಿ ಹಿಂದಕ್ಕೆ ಮಾಡಿ, ನೆಲಕ್ಕೆ ಕುಸಿದು ಬಿಡುತ್ತದೆ. ಇದಕ್ಕೆ ಬೈದಷ್ಟೂ ಜಾಸ್ತಿಯಾಗುತ್ತದೆ. ಬಂದಾಗ ಅದನ್ನು ನೋಡದೆ ಸುಮ್ನೆ ಒಳಗೆ ನಡೆಯಿರಿ, 5 ನಿಮಿಷ ಬಿಟ್ಟು ಕೂತುಕೊಂಡು ಮಾತಾಡಿಸಿ.

ಹಂತ 2: ನಾಲ್ಕು ದಿನ ಬರೆದಿಡಿ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆಮೇಲೆ ಏನೂ ಆಗಲಿಲ್ಲ ಅನ್ನುತ್ತಾರೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಪೆನ್ಸಿಲಿನಿಂದ ಬರೆಯಿರಿ: 6.10 ಉಚ್ಚೆ ಅಂಗಳ, 7.40 ಊಟ, 8.05 ಕಕ್ಕ ಬಾಗಿಲ ಹಿಂದೆ, ಹೀಗೆ. ನಾಲ್ಕನೇ ದಿನಕ್ಕೆ ನಿಮ್ಮ ನಾಯಿಯ ಗಡಿಯಾರ ಕಾಣುತ್ತದೆ. ಎದ್ದ ಕೂಡಲೇ, ಉಂಡು 5ರಿಂದ 30 ನಿಮಿಷದೊಳಗೆ, ಆಟ ಮುಗಿದ ತಕ್ಷಣ, ರಾತ್ರಿ ಮಲಗುವ ಮುಂಚೆ, ಈ ನಾಲ್ಕು ಹೊತ್ತು ಸಾಮಾನ್ಯವಾಗಿ ತಪ್ಪುವುದಿಲ್ಲ. ಮರಿಗಳಿಗೆ ಒಂದು ಸುಮಾರು ಲೆಕ್ಕ ಇದೆ: ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಕೂಡಿಸಿ, ಹಗಲಿನಲ್ಲಿ ಅಷ್ಟು ತಾಸು ತಡೆಯಬಲ್ಲದು. ಎರಡು ತಿಂಗಳ ಮರಿಗೆ 3 ತಾಸು, ಅದೂ ಹೆಚ್ಚೆಂದರೆ. ಎರಡು ತಿಂಗಳ ಮರಿಯನ್ನು ಬೆಳಿಗ್ಗೆ ಬಿಟ್ಟು ಸಂಜೆ ಡ್ಯೂಟಿ ಮುಗಿಸಿ ಬಂದು ‘ಮತ್ತೆ ಮಾಡಿದೆ’ ಅಂದರೆ ತಪ್ಪು ಯಾರದು?

ಊಟದ ಹೊತ್ತನ್ನೂ ಕಟ್ಟುನಿಟ್ಟು ಮಾಡಿ. ನಮ್ಮ ಕಡೆ ರೊಟ್ಟಿ ಹಾಲು ಕಲಸಿದ ತಟ್ಟೆ ದಿನವಿಡೀ ಬಾಗಿಲಲ್ಲೇ ಇರುತ್ತದೆ, ನಾಯಿ ಬಂದಾಗ ಎರಡು ಬಾಯಿ, ಹೋದಾಗ ಎರಡು ಬಾಯಿ. ಒಳಗೆ ಹೋಗುವುದಕ್ಕೆ ಹೊತ್ತಿಲ್ಲದಿದ್ದರೆ ಹೊರಗೆ ಬರುವುದಕ್ಕೂ ಹೊತ್ತಿರುವುದಿಲ್ಲ. ದೊಡ್ಡ ನಾಯಿಗೆ ದಿನಕ್ಕೆ ಎರಡು ಸಲ, 15-20 ನಿಮಿಷ ಬಿಟ್ಟು ತಟ್ಟೆ ಎತ್ತಿಬಿಡಿ. ಹಾಲಿಗೆ ಬಹಳ ನಾಯಿಗಳಿಗೆ ಭೇದಿಯಾಗುತ್ತದೆ, ಭೇದಿಯಾದ ನಾಯಿಗೆ ಬಾಗಿಲು ತೆಗೆಯುವ ತನಕ ತಡೆಯಲು ಆಗುವುದಿಲ್ಲ. ಹಾಲು ಬಿಟ್ಟು ನೋಡಿ.

ಆದರೆ ನೀರಿನ ಬೋಗುಣಿ ಮಾತ್ರ ಎತ್ತಬೇಡಿ. ‘ರಾತ್ರಿ ನೀರು ಕೊಡಬೇಡಿ’ ಅನ್ನುವ ಸಲಹೆ ತಂಪು ಊರಿನವರದ್ದು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಅದನ್ನು ಮಾಡಿದರೆ ನಾಯಿಗೆ ಜೀವಕ್ಕೇ ಕುತ್ತು. ಬೇಸಿಗೆಯಲ್ಲಿ ನಾಯಿ ನೀರು ಜಾಸ್ತಿ ಕುಡಿಯುತ್ತದೆ, ಹಾಗಾಗಿ ಒಂದು ಸಲ ಜಾಸ್ತಿಯೇ ಹೊರಗೆ ಕರೆದೊಯ್ಯಿರಿ. ಅಷ್ಟೇ.

ಹಂತ 3: ಒಂದೇ ಜಾಗ, ಹಗ್ಗ ಹಿಡಿದು, ಜೊತೆಗೆ

ಜಾಗ ಆರಿಸುವಾಗ ನಿಮಗೆ ಅನುಕೂಲವಾದ ಮೂಲೆ ಅಲ್ಲ, ನಾಯಿಯ ಕಾಲಿಗೆ ಹಿತವಾದದ್ದನ್ನು ನೋಡಿ. ನಮ್ಮ ಅಂಗಳಗಳಿಗೆ ಶಹಾಬಾದ್ ಬಂಡೆಯೋ ಕಡಪ ಕಲ್ಲೋ ಹಾಸಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅದರ ಮೇಲೆ ಅಂಗೈಯ ಹಿಂಭಾಗ ಇಟ್ಟು 7 ಎಣಿಸಿ ನೋಡಿ. ನಿಮಗೆ ಆಗದಿದ್ದರೆ ನಾಯಿಗೂ ಆಗುವುದಿಲ್ಲ. ನಾಯಿ ಹೊಸ್ತಿಲ ತನಕ ಬರುತ್ತದೆ, ಒಂದು ಕಾಲು ಬಂಡೆಯ ಮೇಲಿಟ್ಟು ತಟ್ಟನೆ ಎತ್ತುತ್ತದೆ, ನಿಮ್ಮ ಮುಖ ನೋಡುತ್ತದೆ, ಹಿಂದಕ್ಕೆ ತಿರುಗಿ ಹೋಗಿ ತಂಪಾದ ಅಡುಗೆಮನೆ ಮೂಲೆಯಲ್ಲಿ ಕೆಲಸ ಮುಗಿಸುತ್ತದೆ. ಇದನ್ನು ಹಟ ಅನ್ನುತ್ತೇವೆ. ಅದು ಹಟ ಅಲ್ಲ ರೀ, ಕಾಲು ಸುಡುವುದು. ಬೇವಿನ ಮರದ ನೆರಳು, ಹಿತ್ತಲಿನ ಮಣ್ಣು, ಏನೂ ಇಲ್ಲದಿದ್ದರೆ ಹಸಿರು ನೆಟ್ ಕಟ್ಟಿದ ಮೂಲೆಯಲ್ಲಿ ಎರಡು ಬುಟ್ಟಿ ಮರಳು. ಅಲ್ಲಿಗೆ ಹೋಗುವ ದಾರಿಯೂ ನೆರಳಲ್ಲಿರಲಿ.

ಇನ್ನೊಂದು ವಿಷಯ. ಮರಿಯಿದ್ದಾಗ ಯಾವ ನೆಲದ ಮೇಲೆ ಉಚ್ಚೆ ಮಾಡಿ ರೂಢಿಯೋ ದೊಡ್ಡದಾದ ಮೇಲೂ ಅದನ್ನೇ ಹುಡುಕುತ್ತದೆ. ಸಿಮೆಂಟು ನೆಲದ ಗೂಡಿನಲ್ಲಿ ಬೆಳೆದ ನಾಯಿಗೆ ಮಣ್ಣು ಅಂದರೆ ಪಾಯಖಾನೆ ಅಂತ ಹೊಳೆಯುವುದೇ ಇಲ್ಲ. ಬೀದಿಯಿಂದ ತಂದದ್ದಕ್ಕೆ ಮರಳು ರಾಶಿ ಬೇಕು. ‘ಕಲಿಯದ ನಾಯಿ’ ಅನ್ನುವವುಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ. ಒಳಗೆ ಮಾಡಿದ ಉಚ್ಚೆಯನ್ನು ಗೋಣಿಚೀಲದ ತುಂಡಿನಿಂದ ಒರೆಸಿ, ಆ ತುಂಡನ್ನು ಒಯ್ದು ನೀವು ಆರಿಸಿದ ಜಾಗದಲ್ಲಿ ಕಲ್ಲಿಟ್ಟು ಹಾಸಿ. ವಾಸನೆ ದಾರಿ ತೋರಿಸುತ್ತದೆ.

ಈಗ ಪದ್ಧತಿ. ಹೊತ್ತಿಗೆ ಸರಿಯಾಗಿ ಸಣ್ಣ ಹಗ್ಗ ಹಾಕಿ ಆ ಜಾಗಕ್ಕೆ ಕರೆದೊಯ್ಯಿರಿ. ಮರದಂತೆ ನಿಂತುಬಿಡಿ. ಆಟ ಇಲ್ಲ, ಮಾತಿಲ್ಲ, ಮೊಬೈಲೂ ಬೇಡ. ಅದು ಮೂಸುತ್ತಾ ಸುತ್ತು ಹೊಡೆಯತೊಡಗಿದಾಗ ಒಂದೇ ಒಂದು ಮಾತು ಹೇಳಿ, ‘ಸೂಸು’ ಅಂತಲೋ ‘ಮುಗಸು’ ಅಂತಲೋ, ಮನೆಯವರೆಲ್ಲ ಅದೇ ಮಾತು ಹೇಳಬೇಕು. ಮುಗಿದ ಎರಡು ಸೆಕೆಂಡಿನೊಳಗೆ ಮೊಟ್ಟೆ ಚೂರು ಬಾಯಿಗೆ. ಒಳಗೆ ಬಂದು ಫ್ರಿಜ್ ತೆಗೆದು ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತಾಯಿತು. ಚೂರು ಅಂಗಿಯ ಜೇಬಿನಲ್ಲೇ ಇರಲಿ.

ಆಮೇಲಿನದು ಬಹಳ ಮುಖ್ಯ: ಉಚ್ಚೆ ಮುಗಿದ ತಕ್ಷಣ ಒಳಗೆ ಎಳೆದುಕೊಂಡು ಬರಬೇಡಿ. ನಾಯಿ ಲೆಕ್ಕ ಹಾಕುತ್ತದೆ, ಉಚ್ಚೆ ಮಾಡಿದರೆ ಹೊರಗಿನ ಮಜಾ ಮುಗಿಯಿತು ಅಂತ. ಹಾಗಾಗಿ ಅರ್ಧ ತಾಸು ತಡೆದುಕೊಳ್ಳುತ್ತದೆ, ಒಳಗೆ ಬಂದ ಮೇಲೆ ಬಿಡುತ್ತದೆ. ಉಚ್ಚೆ ಮೊದಲು, ಆಮೇಲೆ ಓಣಿ ಸುತ್ತು, ಆಮೇಲೆ ಚೆಂಡು. 10 ನಿಮಿಷ ನಿಂತರೂ ಮಾಡಲಿಲ್ಲವೇ? ಒಳಗೆ ಕರೆತನ್ನಿ, ಹಗ್ಗ ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ, 15 ನಿಮಿಷಕ್ಕೆ ಮತ್ತೆ ಹೊರಗೆ.

ಹಂತ 4: ಒಳಗೆ ಕಣ್ಣಳತೆಯಲ್ಲಿ

ನೋಡಿಕೊಳ್ಳಲು ಆಗದ ಹೊತ್ತಿನಲ್ಲಿ ಇಡೀ ಮನೆ ಅದರದ್ದಲ್ಲ. ಕ್ರೇಟ್, ಅಂದರೆ ನಾಯಿ ಮಲಗುವ ಪಂಜರ, ಇದ್ದರೆ ಒಳ್ಳೆಯದು. ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಬರುವಷ್ಟೇ ದೊಡ್ಡದಿರಲಿ. ದೊಡ್ಡದಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಪಾಯಖಾನೆ ಮಾಡಿಕೊಳ್ಳುತ್ತದೆ. ತಗಡಿನ ಶೆಡ್ಡಿನ ಕೆಳಗೆ, ಬಿಸಿಲು ಬೀಳುವ ಕಿಟಕಿ ಪಕ್ಕ ಇಡಲೇಬೇಡಿ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಬಾಗಿಲು ಹಾಕಿದ ಪಂಜರದಲ್ಲಿ ಒಂಟಿಯಾಗಿ ಬಿಟ್ಟು ಹೋಗಬೇಡಿ. ಕ್ರೇಟ್ ಇಲ್ಲದಿದ್ದರೆ ಪಡಸಾಲೆಯ ಒಂದು ಮೂಲೆಗೆ ಬೆಂಚು ಅಡ್ಡ ಮಲಗಿಸಿದರೂ ನಡೆಯುತ್ತದೆ.

ಎರಡು ವಾರ ಒಂದೂ ತಪ್ಪಿಲ್ಲದೆ ಕಳೆದರೆ ಇನ್ನೊಂದು ಕೋಣೆ ಬಿಡಿ. ಮತ್ತೆ ತಪ್ಪಾದರೆ ಒಂದು ಕೋಣೆ ವಾಪಸ್.

ಒಳಗೆ ಮಾಡುವಾಗ ಕಣ್ಣಿಗೆ ಬಿದ್ದರೆ ಚಪ್ಪಾಳೆ ತಟ್ಟಿ ಹೊರಗೆ ಕರೆದೊಯ್ಯಿರಿ. ಆಗಿಹೋದ ಮೇಲೆ ಕಂಡರೆ ಒರೆಸಿ, ಸುಮ್ನಿರಿ. ಮೂಗು ತಿಕ್ಕುವುದು, ಪೇಪರ್ ಸುರುಳಿಯಲ್ಲಿ ಹೊಡೆಯುವುದು ನಮ್ಮ ಹಿರಿಯರ ಕಾಲದಿಂದ ನಡೆದು ಬಂದಿದೆ, ಆದರೆ ಅದರಿಂದ ನಾಯಿ ಕಲಿಯುವುದು ಒಂದೇ: ಇವರ ಎದುರಿಗೆ ಉಚ್ಚೆ ಮಾಡಬಾರದು. ಆಮೇಲೆ ನೀವು ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿದ್ದಾಗ ಹೊರಗೂ ಮಾಡುವುದಿಲ್ಲ, ಮಂಚದ ಕೆಳಗೆ ಹೋಗಿ ಮಾಡುತ್ತದೆ. ಹಾಗೆ ಹೊಡೆತ ತಿಂದ ನಾಯಿಯಾದರೆ ಉದ್ದ ಹಗ್ಗ ಬಳಸಿ, ಬೆನ್ನು ತಿರುಗಿಸಿ ದೂರ ನಿಲ್ಲಿ.

ಹಂತ 5: ನೆಲ ತೊಳೆಯುವುದು

ನಮಗೆ ವಾಸನೆ ಹೋಯಿತು ಅನ್ನಿಸಿದರೂ ನಾಯಿಗೆ ಹೋಗಿರುವುದಿಲ್ಲ. ಅದೇ ಜಾಗಕ್ಕೆ ಮತ್ತೆ ಬರುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣ, ಅಂದರೆ ಉಚ್ಚೆಯಲ್ಲಿನ ವಾಸನೆಯ ವಸ್ತುಗಳನ್ನೇ ಒಡೆದುಹಾಕುವ ದ್ರವ, ಎಲ್ಲಕ್ಕಿಂತ ಒಳ್ಳೆಯದು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನೆನೆಯಲು ಬಿಡಿ. ಸಿಗದಿದ್ದರೆ ಸೋಪಿನ ನೀರು, ಆಮೇಲೆ ಅಡುಗೆ ಸೋಡಾ ಉದುರಿಸಿ ಒಣಗಿಸಿ ಗುಡಿಸಿ.

ವಿನೆಗರ್ ಹಾಕಿ ಅಂತ ಎಲ್ಲ ಕಡೆ ಹೇಳುತ್ತಾರೆ. ಟೈಲ್ಸಿಗೆ ಸರಿ. ಶಹಾಬಾದ್ ಬಂಡೆ ಸುಣ್ಣದ ಕಲ್ಲು, ಹುಳಿ ಬಿದ್ದರೆ ಪಾಲಿಶ್ ಹೋಗಿ ಬಿಳಿ ಕಲೆ ಉಳಿಯುತ್ತದೆ, ಮೇಲ್ಮೈ ತೆರೆದುಕೊಂಡು ಮುಂದಿನ ಉಚ್ಚೆಯನ್ನು ಇನ್ನಷ್ಟು ಹೀರುತ್ತದೆ. ನಮ್ಮ ಪಡಸಾಲೆಯಲ್ಲಿ ಅಂಥ ಒಂದು ಕಲೆ ಇನ್ನೂ ಇದೆ, ನನ್ನ ಕೈಯಿಂದಲೇ ಆದದ್ದು. ಫಿನಾಯಿಲ್ ಕೂಡ ಬೇಡ. ಒದ್ದೆ ನೆಲ ತುಳಿದು ನಾಯಿ ಕಾಲು ನೆಕ್ಕುತ್ತದೆ, ಅದು ಹೊಟ್ಟೆಗೆ ವಿಷ.

ಹಂತ 6: ಹೇಗೆ ಪಾರಾಗುತ್ತದೆ ಅಂತ ಪತ್ತೆ ಮಾಡಿ

ಇನ್ನು ಓಟದ ಕಥೆ. ಓಡಿಹೋಯಿತು ಅಂತ ಗೊತ್ತಾದ ಕೂಡಲೇ ಎಲ್ಲರೂ ಗೋಡೆ ಎತ್ತರಿಸಲು ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ತಡೆಯಿರಿ. ನಾಯಿ ಪಾರಾಗುವುದು ನಾಲ್ಕು ತರ: ಮೇಲಿಂದ ಹಾರಿ, ಕೆಳಗಿಂದ ತೋಡಿ, ಸಂದಿಯಿಂದ ತೂರಿ, ಇಲ್ಲವೇ ಯಾರೋ ತೆಗೆದ ಗೇಟಿನಿಂದ ನೆಟ್ಟಗೆ. ಗೋಡೆಯ ತಲೆಯ ಮೇಲೆ, ಗೇಟಿನ ಕೆಳಗೆ, ಅನುಮಾನ ಇರುವ ಸಂದಿಯಲ್ಲಿ ರಂಗೋಲಿ ಪುಡಿ ತೆಳುವಾಗಿ ಉದುರಿಸಿ. ಮರುದಿನ ಹೆಜ್ಜೆ ತಾನೇ ಹೇಳುತ್ತದೆ. ನಮ್ಮ ನಾಯಿ 5 ಅಡಿ ಗೋಡೆ ಹಾರುತ್ತದೆ ಅಂತ ನಾವು ನಂಬಿದ್ದೆವು. ರಂಗೋಲಿ ನೋಡಿದರೆ, ಮೊದಲು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡು ಹೆಜ್ಜೆ, ಆಮೇಲೆ ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಒಂದು, ಆಮೇಲೆ ಗೋಡೆ. ಡ್ರಮ್ ನಾಲ್ಕು ಅಡಿ ಈಚೆ ಸರಿಸಿದೆವು. ಒಂದು ಪೈಸೆ ಖರ್ಚಿಲ್ಲ.

ಹಂತ 7: ಸಂದಿ ಮುಚ್ಚಿ, ಆದರೆ ನಾಯಿಗೆ ಗಾಯವಾಗದಂತೆ

ಹಾರುವ ನಾಯಿಗೆ: ಮೆಟ್ಟಿಲಾಗುವ ಕಟ್ಟಿಗೆ ರಾಶಿ, ಕಲ್ಲು, ಡ್ರಮ್ ಮೊದಲು ಸರಿಸಿ. ಮುಧೋಳ ತಳಿಯಾದರೆ 4 ಅಡಿ ಗೋಡೆ ಅದಕ್ಕೆ ಕಟ್ಟೆ ಇದ್ದಂತೆ, 6 ಅಡಿಯಾದರೂ ಬೇಕು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ಅಂತ ಹೆಮ್ಮೆಯಿಂದ ತರುತ್ತಾರೆ, ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಿ ಹಿಡಿಯುವ ಬೇಟೆ ನಾಯಿ ಅನ್ನುವುದನ್ನು ಮರೆಯುತ್ತಾರೆ. ಗೋಡೆ ಎತ್ತರಿಸಲು ಆಗದಿದ್ದರೆ ಮೇಲೆ 2 ಅಡಿ ತಂತಿ ಜಾಲರಿಯನ್ನು ಅಂಗಳದ ಒಳಗಡೆಗೆ ವಾಲುವಂತೆ ಹಾಕಿಸಿ. ಅಥವಾ ದಪ್ಪ ಪಿವಿಸಿ ಪೈಪಿನೊಳಗೆ ಒಂದು ತಂತಿ ಸಡಿಲವಾಗಿ ತೂರಿಸಿ, ಆ ತಂತಿಯನ್ನು ಗೋಡೆಯ ತಲೆಯುದ್ದಕ್ಕೂ ಬಿಗಿಯಿರಿ. ನಾಯಿ ಮುಂಗಾಲು ಹಾಕಿದರೆ ಪೈಪ್ ಉರುಳುತ್ತದೆ, ಹಿಡಿತ ಸಿಗದೆ ಒಳಗೇ ಇಳಿಯುತ್ತದೆ.

ತೋಡುವ ನಾಯಿಗೆ: ಗೋಡೆ ಅಥವಾ ಬೇಲಿಯ ಬುಡದಿಂದ ಒಳಗಡೆಗೆ 2 ಅಡಿ ಅಗಲ ಜಾಲರಿಯನ್ನು ನೆಲಕ್ಕೆ ಮಲಗಿಸಿ, ಬುಡಕ್ಕೆ ಕಟ್ಟಿ, ಮೇಲೆ ಮಣ್ಣು ಎಳೆದು ಕಲ್ಲು ಹೇರಿ. ನಾಯಿ ಬುಡದಲ್ಲೇ ತೋಡುತ್ತದೆ, ಉಗುರಿಗೆ ಜಾಲರಿ ತಾಗುತ್ತದೆ, ಎರಡು ಅಡಿ ಹಿಂದೆ ಸರಿದು ತೋಡಬೇಕು ಅಂತ ಹೊಳೆಯುವುದು ಕಡಿಮೆ. ಮಸಾರಿ ಮಣ್ಣಿನವರು ಒಮ್ಮೆ ಮಾಡಿದರೆ ಮುಗಿಯಿತು. ಎರೆ ಮಣ್ಣಿನವರಿಗೆ ಆ ಸುಖ ಇಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ, ಬೇಲಿ ಕಂಬ ವಾಲಿ ಮೊನ್ನೆ ಇಲ್ಲದ ಸಂದಿ ಇವತ್ತು ಹುಟ್ಟುತ್ತದೆ. ಮೊದಲ ಮಳೆ ಆದ ಮೇಲೆ ಒಮ್ಮೆ, ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಒಮ್ಮೆ ಬೇಲಿ ಸುತ್ತ ನಡೆದು ನೋಡಿ.

ಗೇಟಿಗೆ: ಸರಳುಗಳ ನಡುವೆ ತಲೆ ತೂರಿದರೆ ಸಾಮಾನ್ಯವಾಗಿ ಮೈಯೂ ತೂರುತ್ತದೆ ಅಂತ ತಿಳಿಯಿರಿ. ಕೆಳಗಿನ 3 ಅಡಿಗೆ ತಗಡು ಬಡಿಸಿ, ಸಂದಿಯೂ ಮುಚ್ಚುತ್ತದೆ, ಹೊರಗೆ ಹೋಗುವ ಆಡು, ಬೀದಿ ನಾಯಿ ಕಣ್ಣಿಗೆ ಬೀಳದೆ ಕೆರಳುವುದೂ ಕಡಿಮೆಯಾಗುತ್ತದೆ. ಎತ್ತಿ ಬಿಡುವ ಚಿಲಕವನ್ನು ಜಾಣ ನಾಯಿ ಮೂತಿಯಿಂದ ತೆಗೆಯುತ್ತದೆ, ಒಂದು ಕೊಂಡಿ ಜಾಸ್ತಿ ಹಾಕಿ. ಹಾಲಿನವರು, ಸಿಲಿಂಡರಿನವರು ಗೇಟ್ ತೆಗೆದಿಟ್ಟು ಹೋಗುವುದಕ್ಕೆ ಬೋರ್ಡು ಬರೆದು ಪ್ರಯೋಜನವಿಲ್ಲ, ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿ.

ಇವು ಮಾತ್ರ ಬೇಡ. ಗೋಡೆಯ ಮೇಲೆ ಗಾಜಿನ ಚೂರು, ಹಾರುವ ನಾಯಿ ನಿಲ್ಲುವುದಿಲ್ಲ, ಹೊಟ್ಟೆ ಸೀಳಿಕೊಂಡು ಹಾರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಕೂಡ ಹಾಗೇ, ಅಂಗಾಲಲ್ಲಿ ಮುರಿದು ಕೀವಾಗುತ್ತದೆ, ಕಣ್ಣಿಗೆ ಹೊಕ್ಕರಂತೂ ಮುಗಿಯಿತು. ಹೊಲದ ಝಟಕಾ ತಂತಿಯನ್ನು ಮನೆಗೆ ತರಬೇಡಿ. ಹೆದರಿದ ನಾಯಿ ತಂತಿ ಹರಿದುಕೊಂಡು ಹೊರಗೆ ಹೋಗುತ್ತದೆ, ವಾಪಸ್ ಬರಲು ಅದೇ ತಂತಿಗೆ ಅಂಜುತ್ತದೆ. ಮತ್ತು ಗೋಡೆ ಹತ್ತಿರ ಚೈನಿನಲ್ಲಿ ಕಟ್ಟಬೇಡಿ. ಆಚೆ ಹಾರಿ, ಚೈನ್ ಸಾಲದೆ, ಕುತ್ತಿಗೆಗೆ ನೇಣಾಗಿ ಸತ್ತ ನಾಯಿಗಳಿವೆ. ದಿನವಿಡೀ ಕಟ್ಟಿಹಾಕುವುದಂತೂ ಪರಿಹಾರವೇ ಅಲ್ಲ. ಕಟ್ಟಿದಲ್ಲೇ ಉಚ್ಚೆ ಮಾಡಿ ಮಾಡಿ ಹೇಸಿಗೆ ಅನ್ನುವುದೇ ಹೋಗುತ್ತದೆ, ಹಂತ 3 ಎಲ್ಲಾ ನೀರುಪಾಲು. ಸದಾ ಕಟ್ಟಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹಂತ 8: ಹೊರಗೆ ಏನಿದೆ ಅಂತ ಕೇಳಿಕೊಳ್ಳಿ

ಯಾವ ಹೊತ್ತಿಗೆ ಓಡುತ್ತದೆ ಅನ್ನುವುದನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಭಾನುವಾರ ಬೆಳಿಗ್ಗೆ ಮಾತ್ರ ಓಡಿದರೆ ಮಟನ್ ಅಂಗಡಿ. ದಿನಾ ಸಂಜೆ ಐದಕ್ಕಾದರೆ ಯಾರೋ ಪುಣ್ಯಾತ್ಮರು ಬಿಸ್ಕತ್ತು ಹಾಕುತ್ತಿದ್ದಾರೆ, ಹೋಗಿ ವಿನಯದಿಂದ ಹೇಳಿ ಬನ್ನಿ. ವಾರಗಟ್ಟಲೆ ಊಟ ಬಿಟ್ಟು ಅಳುತ್ತಾ ಗೇಟಿಗೆ ಅಂಟಿಕೊಂಡಿದ್ದರೆ ಓಣಿಯಲ್ಲಿ ಎಲ್ಲೋ ಹೆಣ್ಣು ನಾಯಿ ಬೆದೆಗೆ ಬಂದಿದೆ. ಗಂಡಿಗೆ ಸಂತಾನಹರಣ ಮಾಡಿಸಿದರೆ ಈ ಅಲೆದಾಟವೂ ಗುರುತು ಹಾಕುವ ಚಾಳಿಯೂ ಬಹಳ ಮಟ್ಟಿಗೆ ಇಳಿಯುತ್ತವೆ. ನಿಮ್ಮದೇ ಹೆಣ್ಣಾದರೆ ವರ್ಷಕ್ಕೆ ಸುಮಾರು ಎರಡು ಸಲ, ಪ್ರತಿ ಸಲ ಮೂರು ವಾರ ಹಗ್ಗವಿಲ್ಲದೆ ಅಂಗಳಕ್ಕೂ ಬಿಡಬೇಡಿ.

ಬೇರೆ ಏನೂ ಇಲ್ಲದಿದ್ದರೆ ಬೇಜಾರು. ಬೆಳಿಗ್ಗೆ 7ರೊಳಗೆ ಅರ್ಧ ತಾಸು, ಸಂಜೆ ನೆಲ ತಣ್ಣಗಾದ ಮೇಲೆ ಅರ್ಧ ತಾಸು ನಡೆಸಿ. ದಾರಿಯಲ್ಲಿ ಮೂಸಲು ಬಿಡಿ, ಎಳೆದೊಯ್ಯಬೇಡಿ, ಮೂಸುವುದೇ ಅದಕ್ಕೆ ಪೇಪರ್ ಓದಿದಂತೆ. ಹಳ್ಳಿ ಅಂಚಿನವರು ಇನ್ನೂ ಜಾಗ್ರತೆ: ಕುರಿ ಹಿಂಡಿಗೆ ಬಾಯಿ ಹಾಕಿದ ನಾಯಿಗೆ ಎರಡನೇ ಅವಕಾಶ ಸಿಗುವುದು ಕಷ್ಟ, ಆನೆಗೊಂದಿ ಗುಡ್ಡದ ಕಡೆ ರಾತ್ರಿ ಚಿರತೆಯ ಕಾಟವೂ ಇದೆ.

ಹಂತ 9: ‘ಬಾ’ ಅಂದರೆ ಬರಬೇಕು

30 ಅಡಿ ಹಗ್ಗ ಈಗ. ಅಂಗಳದಲ್ಲಿ, ಆಮೇಲೆ ಖಾಲಿ ಮೈದಾನದಲ್ಲಿ, ಹೆಸರು ಕರೆದು ‘ಬಾ’ ಅನ್ನಿ, ಬಂದರೆ ಕೋಳಿ ಚೂರು, ಮತ್ತೆ ಆಡಲು ಬಿಡಿ. ದಿನಕ್ಕೆ 10 ಸಲ. ಸ್ನಾನಕ್ಕೆ, ಔಷಧಿಗೆ, ಬೈಯಲು ಈ ಮಾತು ಬಳಸಬೇಡಿ, ಆಗ ನೀವೇ ಎದ್ದು ಹೋಗಿ ಹಿಡಿದು ತನ್ನಿ. ಓಡಿಹೋಗಿ ತಾನಾಗಿ ವಾಪಸ್ ಬಂದ ನಾಯಿಗೆ ಗೇಟಿನಲ್ಲೇ ಎರಡು ಬಾರಿಸುವುದು ದೊಡ್ಡ ತಪ್ಪು. ಅದು ಓಡಿದ್ದಕ್ಕೆ ಹೊಡೆತ ಅಂದುಕೊಳ್ಳುವುದಿಲ್ಲ, ಬಂದದ್ದಕ್ಕೆ ಅಂದುಕೊಳ್ಳುತ್ತದೆ. ಕಣ್ಣೆದುರೇ ಓಡುತ್ತಿದ್ದರೆ ಬೆನ್ನಟ್ಟಬೇಡಿ, ನೀವು ಎದುರು ದಿಕ್ಕಿಗೆ ಓಡಿ, ಇಲ್ಲವೇ ಕುಕ್ಕರುಗಾಲಲ್ಲಿ ಕೂತು ಅದರ ಊಟದ ತಟ್ಟೆ ಬಡಿಯಿರಿ.

ಎಷ್ಟು ದಿನ ಬೇಕು ಅಂತ ಕೇಳುತ್ತೀರಿ. ಮರಿಗೆ ಕೆಲವು ವಾರಗಳಿಂದ ಕೆಲವು ತಿಂಗಳು. ಕಟ್ಟಿಹಾಕಿ ಬೆಳೆಸಿದ ದೊಡ್ಡ ನಾಯಿಗೆ ಎರಡು ಮೂರು ತಿಂಗಳು ಹಿಡಿದರೆ ಬೇಸರ ಮಾಡಿಕೊಳ್ಳಬೇಡಿ. ನಡುವೆ ದೀಪಾವಳಿಯೋ ಗವಿಮಠದ ಜಾತ್ರೆಯೋ ಬಂದರೆ ನಾಲ್ಕು ಹೆಜ್ಜೆ ಹಿಂದೆ ಹೋಗುವುದೂ ಇದ್ದದ್ದೇ. ಪಟಾಕಿಗೆ ಹೆದರಿದ ನಾಯಿ ಎಂದೂ ಹಾರದ ಗೋಡೆ ಹಾರುತ್ತದೆ, ಆ ದಿನಗಳಲ್ಲಿ ಸಂಜೆಗೆ ಮುಂಚೆಯೇ ಉಚ್ಚೆ ಮುಗಿಸಿ, ಒಳಕೋಣೆಯಲ್ಲಿ ಫ್ಯಾನ್, ಟಿವಿ ಹಾಕಿ ಜೊತೆಗಿರಿ.

ರೇಬಿಸ್ ಲಸಿಕೆ ಮೂರು ತಿಂಗಳಿಗೆ ಶುರುವಾಗಿ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ನಡೆಯಬೇಕು. ಹೊರಗೆ ಹೋಗಿ ಕಚ್ಚಿಸಿಕೊಂಡು ಬಂದರೆ ಕೈಗವಸು ಹಾಕಿಕೊಂಡು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಲಸಿಕೆ ಹಾಕಿಸಿದ್ದರೂ ಅದೇ ದಿನ ಪಶು ವೈದ್ಯರಿಗೆ ತೋರಿಸಿ. ಬೆಲ್ಟಿನ ಮೇಲೆ ನಾಯಿಯ ಹೆಸರಿಗಿಂತ ನಿಮ್ಮ ಫೋನ್ ನಂಬರ್ ದೊಡ್ಡದಾಗಿರಲಿ. ಮೊಬೈಲಿನಲ್ಲಿ ಮುದ್ದು ಮುಖದ ಫೋಟೊ ನೂರಿರುತ್ತವೆ, ಹುಡುಕುವಾಗ ಒಂದೂ ಕೆಲಸಕ್ಕೆ ಬರುವುದಿಲ್ಲ. ಇವತ್ತೇ ನಿಲ್ಲಿಸಿ ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು, ಬಾಲ ಕಾಣುವಂತೆ ತೆಗೆದಿಡಿ.